ಅರಿಶಿನದ ಬಾವಿ

ನನ್ನ ಬಿಂದಿಗೆಯ ನೀರು ಚೆಲ್ಲಿದವನನ್ನೇ ನಾನು ಪ್ರೀತಿಸಿದೆ. ಬುದ್ಧಿ ಇದ್ದವರು ಯಾರಾದರೂ ಹೀಗೆ ಮಾಡುತ್ತಾರೆಯೇ?

ಎಂಬತ್ತಾರನೇ ಇಸವಿ. ಸುಂಕದಕಟ್ಟೆಯಲ್ಲಿ ನಮ್ಮ ತೋಟದ ಪಕ್ಕದ ಕ್ರೋಮ್ ಪ್ಲೇಟಿಂಗ್ ಫ್ಯಾಕ್ಟರಿ ಮುಚ್ಚಿಹೋಗಿತ್ತು. ಅದರ ತೊಟ್ಟಿಗಳಲ್ಲಿ ಉಳಿದ ವಿಷ ನೆಲಕ್ಕಿಳಿದು ನಮ್ಮ ಬಾವಿ ನೀರು ಹಳದಿಯಾಗಿತ್ತು. ನಮಗೆಲ್ಲಿ ಗೊತ್ತು? ಗಂಗಮ್ಮ ತಾನಾಗಿ ಅರಿಶಿನ ಹಚ್ಚಿಕೊಂಡಿದ್ದಾಳೆ ಎಂದು ಅಜ್ಜಿ ಮುನಿತಾಯಮ್ಮ ಬಾವಿಕಟ್ಟೆಗೆ ದಿನಾ ಹೂವಿಡುತ್ತಿದ್ದರು. ಊರಿನ ಮದುವೆ ಮನೆಯವರೆಲ್ಲ ಗಂಗೆಪೂಜೆಗೆ ಇಲ್ಲಿಗೇ ಬರುತ್ತಿದ್ದರು.

ಫ್ಯಾಕ್ಟರಿ ಜಾಗವನ್ನು ಶುದ್ಧ ಮಾಡಿಸಲು ಬಂದ ಇಂಜಿನಿಯರ್ ಪುರುಷೋತ್ತಮ, ನನ್ನ ಸೊಂಟದಿಂದ ಬಿಂದಿಗೆ ಕಿತ್ತುಕೊಂಡು, ಇದು ವಿಷ ಎನ್ನುತ್ತಾ ನೀರನ್ನೆಲ್ಲ ಬಗ್ಗಿಸಿಯೇಬಿಟ್ಟ. ಬಾಯಿಗೆ ಬಂದಂತೆ ಬೈದೆ. ತಲೆ ತಗ್ಗಿಸಿ ಕೇಳಿಸಿಕೊಂಡ. ಮಾರನೆಯ ಬೆಳಿಗ್ಗೆ ರಾಜಾಜಿನಗರದಿಂದ ಸ್ಕೂಟರಿನ ಮೇಲೆ ಕ್ಯಾನಿನಲ್ಲಿ ನೀರು ತಂದಿಟ್ಟ.

“ನಿನ್ನೆ ಚೆಲ್ಲಿದ್ನಲ್ಲ, ಅದಕ್ಕೆ.”

“ನನ್ನ ಬಿಂದಿಗೆ ದೊಡ್ಡದು. ಇಷ್ಟರಲ್ಲಿ ತೀರಲ್ಲ.”

“ಹಾಗಾದ್ರೆ ನಾಳೇನೂ ತರ್ತೀನಿ.”

ತಂದ. ದಿನಾ ತಂದ. ಆಳುಗಳು ರಬ್ಬರ್ ಬೂಟು ಹಾಕಿಕೊಂಡು ಹಳದಿ ಮಣ್ಣು ಅಗೆದು ಡ್ರಮ್ಮುಗಳಿಗೆ ತುಂಬುತ್ತಿದ್ದರೆ, ಅವನು ಕಾಂಪೌಂಡಿನ ಮೇಲಿಂದ ನಮ್ಮ ತೋಟದ ಕಡೆಯೇ ನೋಡುತ್ತಿದ್ದ. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರೂ ನಗುತ್ತಿದ್ದಾನೆಂದು ಕಣ್ಣಿನ ಅಂಚಿನಲ್ಲೇ ತಿಳಿಯುತ್ತಿತ್ತು. ನಾನೂ ಒಣಗಿದ ಬಟ್ಟೆಯನ್ನೇ ಮತ್ತೆ ಮತ್ತೆ ಒಣಗಿಸುತ್ತಿದ್ದೆ.

ಮಣ್ಣಿನ ಕೆಲಸ ಮುಗಿಯುತ್ತಾ ಬಂತು. ಬಾವಿಯನ್ನೂ ಮುಚ್ಚಲೇಬೇಕೆಂದು ಅವನು ಹೇಳಿದಾಗ ಅಪ್ಪ ಬೈರಪ್ಪನ ಮುಖ ಕಪ್ಪಿಟ್ಟಿತು. ಅದು ತಾತ ತೋಡಿದ ಬಾವಿ. ನಮ್ಮಿಬ್ಬರ ವಿಷಯವೂ ಅಪ್ಪನಿಗೆ ಗೊತ್ತಾಗಿತ್ತು.

“ಬಾವಿ ಬಿಟ್ಬಿಡಿ, ಹುಡುಗೀನ ಕೊಡ್ತೀನಿ. ಮುಚ್ಚಿದ್ರೆ ಈ ಹೊಸ್ತಿಲು ತುಳೀಬೇಡಿ.”

ಪುರುಷೋತ್ತಮ ತೋಟದ ಬೇಲಿಯ ಹತ್ತಿರ ನಿಂತು ನನ್ನನ್ನೇ ಕೇಳಿದ. “ನೀನೇ ಹೇಳು ಅಂಜನಾ. ನನ್ನ ಕೈಲಿ ಆಗ್ತಾ ಇಲ್ಲ.”

ಅದೇ ನೀರಿನಲ್ಲಿ ಮಿಂದ ಪಕ್ಕದ ಮನೆ ಅಲಮೇಲುವಿನ ಕೂಸಿಗೆ ಮೈತುಂಬ ಹುಣ್ಣು. ಅದರ ಅಳು ನಮ್ಮ ಬೇಲಿಯವರೆಗೂ ಕೇಳುತ್ತಿತ್ತು.

“ಮುಚ್ಚಿಬಿಡಿ,” ಅಂದೆ.

“ನನ್ನ ಜೊತೆ ಬಂದ್ಬಿಡ್ತೀಯಾ?”

“ಬಾವಿ ಹೋದ್ಮೇಲೆ ನಾನೂ ಹೋದ್ರೆ ಅಪ್ಪ ಉಳಿಯಲ್ಲ.”

ಅವನು ಮತ್ತೆ ಕೇಳಲಿಲ್ಲ. ಇನ್ನೊಂದು ಸಲ ಕೇಳಿದ್ದರೆ ಹೋಗಿಬಿಡುತ್ತಿದ್ದೆ.

ಬಾವಿ ಮುಚ್ಚಿತು. ಓಡಾಡಿ ನಮ್ಮ ಬೀದಿಗೆ ನಲ್ಲಿ ಹಾಕಿಸಿದವನೂ ಅವನೇ. ಕೆಂಗೇರಿಯ ಗಂಡು ಗೊತ್ತಾಗಿ, ನನ್ನ ಗಂಗೆಪೂಜೆ ಆ ನಲ್ಲಿಯ ಮುಂದೆಯೇ ನಡೆಯಿತು. ಎದುರಿಗೆ ಪುರುಷೋತ್ತಮ ಕೊನೆಯ ಡ್ರಮ್ಮುಗಳನ್ನು ಲಾರಿಗೆ ಹತ್ತಿಸುತ್ತಿದ್ದ.

ಬಿಂದಿಗೆ ತುಂಬಿದ ತಿಳಿನೀರು ನೋಡಿ ಅಜ್ಜಿಗೆ ಸಮಾಧಾನವಾಗಲಿಲ್ಲ. ಗಂಗಮ್ಮ ಬರಿಮೈಯಲ್ಲಿ ಬರಬಾರದೆಂದು ನೀರಿಗೆ ಹಿಡಿತುಂಬ ಅರಿಶಿನ ಕಲಸಿ ಬಿಂದಿಗೆಯನ್ನು ನನ್ನ ಸೊಂಟಕ್ಕಿಟ್ಟರು. ನೀರು ಅದೇ ಹಳದಿಗೆ ತಿರುಗಿತು.

ಪುರುಷೋತ್ತಮ ತಲೆಯೆತ್ತಿ ಬಿಂದಿಗೆ ನೋಡಿದ. ಕೈ ಮುಂದೆ ಬಂತು, ಒಂದು ಹೆಜ್ಜೆಯನ್ನೂ ಇಟ್ಟ. ಆಮೇಲೆ ನನ್ನ ಹಣೆಯ ಬಾಸಿಂಗ ಕಂಡು ಅಲ್ಲೇ ನಿಂತ.

ನಾನೂ ನಿಂತೆ. ಬಂದು ಕಿತ್ತುಕೊಳ್ಳಲಿ, ಅವತ್ತಿನ ಹಾಗೆ ಎಲ್ಲರೆದುರಿಗೆ ಬಗ್ಗಿಸಿಬಿಡಲಿ ಎಂದು ಕಾದೆ. ಓಲಗದವರು ಮುಂದೆ ಹೋದರು. ಅಪ್ಪ ಹಿಂದಿನಿಂದ ನನ್ನ ಹೆಸರು ಕರೆದರು.

ಅವನು ಚೆಲ್ಲಲಿಲ್ಲ.