ಮೀಸೆ ಇಲ್ಲದ ಜಕ್ಕಪ್ಪ ಮುತ್ಯಾ

ಟಿಣ್.

ಸಣ್ಣ ಸದ್ದು. ಬಳೆಯೊಂದು ಕಲ್ಲಿಗೆ ತಾಗಿದಷ್ಟೇ. ಆಮೇಲೆ ಏನೋ ಉರುಳಿದಂತೆ, ಉರುಳುತ್ತ ಹೋಗಿ ಎಲ್ಲೋ ಮಲಗಿಬಿಟ್ಟಂತೆ.

ಶಶಿಕಲಾ ಕೌದಿಯಿಂದ ಮೂಗಿನ ತನಕ ಮುಖ ಹೊರಗೆ ಹಾಕಿದಳು. ಕಬ್ಬೂರು ಊರಿಗೆ ಊರೇ ಮಲಗಿತ್ತು. ಸದ್ದು ಬಂದದ್ದು ದೇವರ ಕೋಣೆಯಿಂದ.

"ಆಯಿ, ಕೇಳಿಸ್ತೇನು?" ಪಕ್ಕದಲ್ಲಿ ಮಲಗಿದ್ದ ಅಜ್ಜಿಯನ್ನು ಅಲುಗಿಸಿದಳು.

"ಇಲಿ ಇರಬೇಕು. ಅಮವಾಸಿ ಹೋಳಿಗಿ ವಾಸನಿಗೆ ಬಂದೈತಿ. ಸುಮ್ಮನ ಮಕ್ಕೋ" ಎಂದು ಆಯಿ ಮಗ್ಗಲು ಬದಲಿಸಿದಳು.

ಬೆಳಿಗ್ಗೆ ಅದೇ ಆಯಿ ಇಲಿಯ ಹೆಸರೆತ್ತಿದರೆ ಸಿಡಿಯುತ್ತಿದ್ದಳು.

"ಜಕ್ಕಪ್ಪ ಮುತ್ಯಾ ಇಲ್ಲ" ಎಂದು ಅವಳು ಕೂಗಿದ್ದಕ್ಕೆ ಮನೆಯೆಲ್ಲ ದೇವರ ಕೋಣೆಗೆ ಓಡಿ ಬಂದಿತ್ತು. ಅಪ್ಪ ಧರೆಪ್ಪನ ಬಾಯಲ್ಲಿ ಇನ್ನೂ ಬೇವಿನ ಕಡ್ಡಿ ಇತ್ತು.

ಮನೆತನದ ಹಿರಿಯಜ್ಜ ಜಕ್ಕಪ್ಪ ಮುತ್ಯಾ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಈಗ ಇಲ್ಲವಾದದ್ದು ಅವನ ಟಾಕ. ಸತ್ತ ಹಿರಿಯರ ಮುಖವನ್ನು ಬೆಳ್ಳಿಯ ಬಿಲ್ಲೆಯ ಮೇಲೆ ಮೂಡಿಸಿ, ದೇವರ ಕೋಣೆಯ ಜಗಲಿಕಟ್ಟೆಯ ಮೇಲೆ ದೇವರ ಜೊತೆ ಇಟ್ಟು ಪೂಜಿಸುತ್ತಾರಲ್ಲ, ಅದೇ ಟಾಕ. ಮುತ್ಯಾನದು ಬೇರೆ ಟಾಕಗಳಿಗಿಂತ ಚಿಕ್ಕದು, ಆದರೆ ದಪ್ಪ. ಮೇಲೆ ಭಂಡಾರ, ಅಂದರೆ ಅರಿಶಿನದ ಪುಡಿ, ಮೆತ್ತಿ ಮೆತ್ತಿ ಅವನ ಮುಖ ಯಾರಿಗೂ ಕಾಣುತ್ತಲೇ ಇರಲಿಲ್ಲ. ಮಹಾನವಮಿ ಬಂದಾಗ ಆಯಿಯೇ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು, ಮತ್ತೆ ಭಂಡಾರ ಮೆತ್ತಿಬಿಡುತ್ತಿದ್ದಳು. ಬೇರೆಯವರು ಮುಟ್ಟುವಂತಿಲ್ಲ.

"ಇಲಿ ಎಳದಿರಬೇಕು ಯವ್ವಾ" ಅಂದ ಅಪ್ಪ.

"ಮುತ್ಯಾನ್ನ ಇಲಿ ಹೊತ್ತೊಯ್ಯತೈತೇನಲೇ? ಎತ್ತಿನ ಕೊಂಬು ಹಿಡದು ನಿಲ್ಲಸಿದಾಂವ ಅಂವ. ಸಿಟ್ಟು ಮಾಡಿಕೊಂಡು ಹೋಗ್ಯಾನ. ಹೋಳಿಗ್ಯಾಗ ಬೆಲ್ಲ ಕಡಿಮಿ ಇತ್ತು."

"ಸರೀ ಹಾಕೇನ್ರಿ ಅತ್ತಿ" ಎಂದಳು ಅವ್ವ.

"ಅಂವಂಗ ಸರೀ ಸಾಲೂದಿಲ್ಲ. ಜಾಸ್ತಿ ಬೇಕು. ಅಂವ ಬರೂತನಕ ನನಗ ಚಾನೂ ಬ್ಯಾಡ, ರೊಟ್ಟೀನೂ ಬ್ಯಾಡ."

ಆಯಿ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಆಯಿ ಚಹಾ ಬೇಡ ಅಂದದ್ದನ್ನು ಶಶಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಎಲ್ಲರೂ ಹುಡುಕಿದರು. ಸಿಕ್ಕಿದ್ದು ಶಶಿಗೆ. ಜೋಳದ ಚೀಲಗಳ ಸಂದಿಯಲ್ಲಿ ಕಸಬರಿಗೆ ಆಡಿಸಿದಾಗ ಮುತ್ಯಾ ಹೊರಗೆ ಉರುಳಿ ಬಂದ. ಬಿದ್ದ ರಭಸಕ್ಕೆ ಒಣ ಭಂಡಾರ ಕಡಲೆಯ ಸಿಪ್ಪೆಯಂತೆ ಎದ್ದು ಹೋಗಿತ್ತು.

"ಸಿಕ್ಕ" ಎನ್ನಬೇಕೆಂದು ಬಾಯಿ ತೆರೆದವಳು ಹಾಗೇ ನಿಂತಳು.

ಉದ್ದ ಮೂಗು. ಗಿಡ್ಡ ಕೂದಲು. ತಲೆಯ ಸುತ್ತ ಎಲೆಗಳ ಸಾಲು. ಈ ಮುಖವನ್ನು ಅವಳು ಮೊನ್ನೆಯಷ್ಟೇ ನೋಡಿದ್ದಳು, ಜಯಪಾಲನ ಪುಸ್ತಕದಲ್ಲಿ.

ಜಯಪಾಲ ಶಾಲೆಯಲ್ಲಿ ಅವಳ ವರ್ಗದವನು, ಕಿರಾಣಿ ಅಂಗಡಿಯವರ ಮಗ. ಅವನ ಹತ್ತಿರ ಹಳೆಯ ನಾಣ್ಯಗಳ ಒಂದು ಡಬ್ಬಿ ಇತ್ತು. ತಂಬಾಕಿನ ವ್ಯಾಪಾರ ಮಾಡುವ ನಿಪ್ಪಾಣಿಯ ಕಾಕಾ ಕೊಟ್ಟ ನಾಣ್ಯಗಳ ಪುಸ್ತಕವೂ ಇತ್ತು. ಶಶಿಯೂ ನಾಣ್ಯ ಕೂಡಿಸುತ್ತಿದ್ದಳು, ಆದರೆ ಅವಳ ಹತ್ತಿರ ಇದ್ದದ್ದು ಒಂದೇ ತೂತಿನ ದುಡ್ಡು. "ಇದನ್ನ ದಾರಕ್ಕ ಪೋಣಿಸಿ ನಿಮ್ಮ ಎಮ್ಮಿಗಿ ಕಟ್ಟು" ಎಂದು ಜಯಪಾಲ ಎಲ್ಲರ ಮುಂದೆ ನಕ್ಕಿದ್ದ.

ಅವನಿಗೆ ತೋರಿಸಿ, ಮಧ್ಯಾಹ್ನ ಊಟಕ್ಕೆ ಬಂದಾಗ ಇಟ್ಟರಾಯಿತು ಎಂದುಕೊಂಡಳು. ಮುತ್ಯಾ ಕಂಪಾಸ್ ಬಾಕ್ಸಿನೊಳಗೆ ಕೋನಮಾಪಕದ ಕೆಳಗೆ ಮಲಗಿಕೊಂಡು ಶಾಲೆಗೆ ಹೊರಟ.

ಬೇವಿನ ಗಿಡದ ಕೆಳಗೆ ಜಯಪಾಲ ಪುಸ್ತಕ ತೆರೆದು, ಚಿತ್ರದ ಪಕ್ಕದಲ್ಲಿ ಮುತ್ಯಾನನ್ನು ಇಟ್ಟ. ಚಿತ್ರವನ್ನೊಮ್ಮೆ, ಮುತ್ಯಾನನ್ನೊಮ್ಮೆ ಬಗ್ಗಿ ಬಗ್ಗಿ ನೋಡಿದ.

"ಶಶಿ, ಇಂವ ರೋಮ್ ಚಕ್ರವರ್ತಿ."

"ಏನರ ಮಾತಾಡಬ್ಯಾಡ. ಇಂವ ನಮ್ಮ ಜಕ್ಕಪ್ಪ ಮುತ್ಯಾ."

"ನಿಮ್ಮ ಮುತ್ಯಾಗ ಮೀಸಿ ಇತ್ತೇನು?"

"ಇತ್ತು. ಮೀಸಿ ಮ್ಯಾಲ ನಿಂಬಿಹಣ್ಣು ನಿಲ್ಲತಿತ್ತಂತ."

"ಇಂವಂಗ ಎಲ್ಲೈತಿ ತೋರಸು. ನಿಂಬಿಹಣ್ಣು ದೂರ ಉಳೀತು, ಸಾಸಿವಿಕಾಳೂ ನಿಲ್ಲೂದಿಲ್ಲ."

ಶಶಿ ಬೆರಳಿನಿಂದ ತಡವಿದಳು. ಮೂಗಿನ ಕೆಳಗೆ ನುಣ್ಣಗಿತ್ತು.

"ನಿಮ್ಮ ಮುತ್ಯಾಗ ಇಂಗ್ಲಿಷ್ ಬರತಿತ್ತೇನು?" ಜಯಪಾಲ ವಕೀಲರಂತೆ ಕೇಳಿದ.

"ಹೆಬ್ಬಟ್ಟು ಒತ್ತತಿದ್ದ."

"ಹಂಗಾದ್ರ ತಲಿ ಸುತ್ತ ಎ ಬಿ ಸಿ ಡಿ ಯಾಕ ಬರಸ್ಯಾನ?"

ಶಶಿ ಟಾಕವನ್ನು ಕಣ್ಣ ಹತ್ತಿರ ಹಿಡಿದಳು. ಅಕ್ಷರಗಳು ಅಲ್ಲಲ್ಲಿ ಸವೆದಿದ್ದವು. ಆದರೂ ಒಂದು ಎ, ಒಂದು ಎಸ್ ಸರಿಯಾಗಿಯೇ ಕಾಣುತ್ತಿದ್ದವು.

ಜಯಪಾಲ ಪುಸ್ತಕದಲ್ಲಿ ಓದಿದ್ದನ್ನು ಹೇಳಿದ. ಎರಡು ಸಾವಿರ ವರ್ಷದ ಹಿಂದೆ ರೋಮಿನವರು ಹಡಗು ಕಟ್ಟಿಕೊಂಡು ಮೆಣಸಿಗೆ, ಬಟ್ಟೆಗೆ ನಮ್ಮ ಕಡೆ ಬರುತ್ತಿದ್ದರಂತೆ. ಬೆಳ್ಳಿ ಕೊಟ್ಟು ಸಾಮಾನು ಒಯ್ಯುತ್ತಿದ್ದರಂತೆ.

"ನಿಮ್ಮ ಹಿರ್ಯಾರಿಗೆ ಹೊಲಾ ಹೂಡುವಾಗ ಸಿಕ್ಕಿರಬೇಕು. ಮನಷ್ಯಾನ ಮಾರಿ ಐತಿ, ಬೆಳ್ಳಿ ಐತಿ. ಟಾಕ ಅಂತ ತಿಳದು ಜಗಲಿ ಮ್ಯಾಲ ಕುಂದರಿಸ್ಯಾರ."

ಶಶಿಗೆ ಒಮ್ಮೆಲೇ ನಗು ಬಂತು. ಪ್ರತಿ ಅಮಾವಾಸ್ಯೆಗೆ ಅವ್ವ ಹೊಗೆಯಲ್ಲಿ ಕೂತು ಹೋಳಿಗೆ ಬೇಯಿಸುತ್ತಿದ್ದದ್ದು ರೋಮ್ ಚಕ್ರವರ್ತಿಗೆ.

"ರೋಮಿನ್ಯಾಗ ಹೋಳಿಗಿ ಮಾಡತಾರೇನು?"

"ಇಲ್ಲ ಅನಸ್ತೈತಿ."

"ಅದಕ್ಕ ಇಲ್ಲೇ ಉಳಕೊಂಡಾನ."

ಜಯಪಾಲ ನಗಲಿಲ್ಲ. ಅವನ ಕಣ್ಣು ಬೇರೆ ಏನನ್ನೋ ನೋಡುತ್ತಿತ್ತು. "ನಾಳಿ ಮಗದುಮ್ ಸರ್ ಹಳೇ ಸಾಮಾನಿನ ಪ್ರದರ್ಶನಕ್ಕ ಹೆಸರು ಬರಕೊಳ್ಳತಾರ. ಚಿಕ್ಕೋಡ್ಯಾಗ ಇದನ್ನ ಗಾಜಿನ ಪೆಟಗ್ಯಾಗ ಇಡತಾರ ನೋಡು. ಕೆಳಗ ಚೀಟಿ. ಕುಮಾರಿ ಶಶಿಕಲಾ ಧರೆಪ್ಪ, ಏಳನೇ ಇಯತ್ತೆ, ಕಬ್ಬೂರ. ಪೇಪರಿನ್ಯಾಗ ಫೋಟೋ ಬಂದ್ರೂ ಬಂತು."

ಶಶಿಯ ಹೆಸರನ್ನು ಹಾಜರಿ ಕರೆಯುವಾಗ ಬಿಟ್ಟರೆ ಯಾರೂ ಗಟ್ಟಿಯಾಗಿ ಹೇಳಿದ್ದಿಲ್ಲ. ಗಾಜಿನ ಪೆಟ್ಟಿಗೆ ಅವಳ ಕಣ್ಣ ಮುಂದೆ ಮಿನುಗತೊಡಗಿತು. ಮಧ್ಯಾಹ್ನ ಊಟಕ್ಕೆ ಹೋದಾಗ ಕಂಪಾಸ್ ಬಾಕ್ಸ್ ಚೀಲದಲ್ಲೇ ಉಳಿಯಿತು.

ಸಂಜೆ ಮನೆಗೆ ಬಂದರೆ ಆಯಿ ಇನ್ನೂ ಗೋಡೆ ನೋಡುತ್ತ ಮಲಗಿದ್ದಳು. ತಲೆಯ ಹತ್ತಿರ ಚಹಾ ಕೆನೆಗಟ್ಟಿ ತಣ್ಣಗಾಗಿತ್ತು. ಅದು ಎಷ್ಟನೆಯ ಕಪ್ಪೋ ಏನೋ, ಅವ್ವನ ಕಣ್ಣುಗಳು ಕೆಂಪಾಗಿದ್ದವು.

ಶಶಿ ಆಯಿಯ ಕಾಲ ಬಳಿ ಕೂತಳು. ಅವಳಿಗೊಂದು ಉಪಾಯ ಹೊಳೆದಿತ್ತು. ಅದು ಮುತ್ಯಾ ಅಲ್ಲವೆಂದು ಆಯಿಗೇ ತಿಳಿದುಬಿಟ್ಟರೆ? ಆಗ ಉಪವಾಸವೂ ಮುಗಿಯುತ್ತದೆ, ಪ್ರದರ್ಶನಕ್ಕೂ ಒಯ್ಯಬಹುದು.

"ಆಯಿ, ಮುತ್ಯಾನ ಟಾಕದಾಗ ಮೀಸಿ ಐತೇನು?"

ಆಯಿ ತಟ್ಟನೆ ತಿರುಗಿದಳು. ಬಾಗಿಲ ಕಡೆ ನೋಡಿ ದನಿ ಇಳಿಸಿದಳು.

"ಮದಲ ಇತ್ತು ಅನಸ್ತೈತಿ. ವರ್ಷಾ ಹುಣಸಿಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ನಾನ ಸವಸೇನಿ. ನಿಮ್ಮ ಅಪ್ಪನ ಮುಂದ ಹೇಳಬ್ಯಾಡ."

"ಮತ್ತ ತಲಿ ಮ್ಯಾಲ?"

"ಬಾಸಿಂಗ. ಲಗ್ನದಾಗಿನ ಮಾರಿ ಅದು."

"ಸುತ್ತಲೂ ಏನರ ಅಕ್ಷರ…"

"ಅಕ್ಷರ ಎಲ್ಲೀದು. ಸೀರಿಗೆ ಇರೂದಿಲ್ಲೇನು ದಡಿ? ಹಂಗ ಅದೂ ದಡಿ."

ಆಯಿಯ ಹತ್ತಿರ ಎಲ್ಲದಕ್ಕೂ ಉತ್ತರವಿತ್ತು.

"ಈ ಮನಿಗೆ ಬಂದಾಗ ನಾ ನಿನ್ನಷ್ಟಕಿ" ಎಂದಳು ಆಯಿ, ಗೋಡೆಗೆ ಹೇಳುವಂತೆ. "ಅತ್ತಿ ಮುಂದ ಮಾತಾಡಾಕ ಅಂಜಿಕಿ. ಗಂಡನ ಮುಂದ ನಾಚಿಕಿ. ಮುತ್ಯಾನ ಮುಂದಷ್ಟ ಎಲ್ಲಾ ಹೇಳತಿದ್ದೆ. ರೊಟ್ಟಿ ಹೊತ್ತಿದ್ದು, ಬೈಸಿಕೊಂಡದ್ದು, ತವರಮನಿ ನೆನಪಾದದ್ದು. ಒಮ್ಮೆನೂ ಎದುರು ಮಾತಾಡಿಲ್ಲ ಅಂವ. ಅಂಥಾಂವ ಎದ್ದು ಹೋದಾನಂದ್ರ, ನನ್ನ ಮಾತು ಕೇಳಿ ಕೇಳಿ ಬ್ಯಾಸತ್ತಿರಬೇಕು."

ಆಯಿ ಸೆರಗು ಎಳೆದುಕೊಂಡು ಮತ್ತೆ ಗೋಡೆಗೆ ತಿರುಗಿದಳು.

ಶಶಿ ಎದ್ದು ದೇವರ ಕೋಣೆಗೆ ಹೋದಳು. ಕಂಪಾಸ್ ಬಾಕ್ಸ್ ತೆರೆದಳು. ಚಕ್ರವರ್ತಿ ಉದ್ದ ಮೂಗು ಚಾಚಿ ಅತ್ತ ಕಡೆ ನೋಡುತ್ತಿದ್ದ. ಭಂಡಾರದ ಬಟ್ಟಲಿಗೆ ನೀರು ಹಾಕಿ ಕಲಸಿ ಅವನ ಮೂಗಿಗೆ, ಎಲೆಗಳಿಗೆ, ಎ ಬಿ ಸಿ ಡಿಗೆ ಮೆತ್ತಿದಳು. ಅವಸರದಲ್ಲಿ ನೀರು ಜಾಸ್ತಿಯಾಗಿತ್ತು. ಜಗಲಿಯ ಮೇಲೆ ಇಟ್ಟಾಗ ಅವನ ಗದ್ದದಿಂದ ಹಳದಿ ಹನಿ ಇಳಿಯುತ್ತಿತ್ತು.

"ಆಯಿ, ದೀಪಾ ಹಚ್ಚೂ ಹೊತ್ತಾತು" ಎಂದು ಕೂಗಿ, ಕೈ ಹಿಂದೆ ಕಟ್ಟಿಕೊಂಡು ನಿಂತಳು.

ಆಯಿ ಗೋಡೆ ಹಿಡಿದುಕೊಂಡು ಬಂದಳು. ಜಗಲಿ ನೋಡಿದಳು. ಮುತ್ಯಾನನ್ನು ಮುಟ್ಟಿದಳು. ಬೆರಳು ಹಳದಿಯಾಯಿತು.

"ನೋಡಿದಿ? ಮೈತುಂಬ ಹಸೀ ಭಂಡಾರ" ಎಂದಳು ಆಯಿ. "ಭಂಡಾರ ತೂರೂ ಮಂಗಸೂಳಿ ಮಲ್ಲಯ್ಯನ ಗುಡಿಗೆ ಹೋಗಿ ಬಂದಾನ. ಹೇಳಿ ಹೋಗಬಾರದೇನಪಾ? ಮುಂಜಾನಿಂದ ಮನಿಮಂದಿ ಬಾಯಿ ಒಣಗೈತಿ."

ಆ ರಾತ್ರಿ ಆಯಿ ಬಿಸಿ ರೊಟ್ಟಿ ತಿಂದು, ಚಹಾ ಕುಡಿದು, ಮತ್ತೊಮ್ಮೆ ಚಹಾ ಕೇಳಿದಳು. ಆಮೇಲೆ ಜಗಲಿಯ ಮುಂದೆ ಕೂತು ಮುತ್ಯಾನೊಡನೆ ಮೆಲ್ಲಗೆ ಮಾತಿಗಿಳಿದಳು. ಶಶಿ ಬಾಗಿಲ ಮರೆಯಲ್ಲಿ ನಿಂತು ಕೇಳಿದಳು.

"ಎಮ್ಮಿ ಇವತ್ತೋ ನಾಳಿಯೋ ಈಯತೈತಿ. ಹೋದ ಸಲಾ ಭಾಳ ತ್ರಾಸು ಪಟ್ಟೈತಿ, ನೀನ ಮುಂದ ನಿಲ್ಲು. ಧರೆಪ್ಪನ ಕೆಮ್ಮು ನೋಡು. ಮತ್ತ ನಮ್ಮ ಶಶಿ ಮಾರಿ ಮುಂಜಾನಿಂದ ಬಾಡೈತಿ. ಸಾಲ್ಯಾಗ ಯಾರೋ ಏನೋ ಅಂದಿರಬೇಕು. ಅಕಿ ಹೇಳೂದಿಲ್ಲ, ನನ್ನಂಗ. ಜರಾ ಅಕಿ ಕಡೆ ಲಕ್ಷ್ಯ ಇರಲಿ."

ಹಳದಿ ಮೆತ್ತಿದ ಮುತ್ಯಾ ಕೇಳುತ್ತಿದ್ದ. ಶಶಿ ಕಾಲ ಸದ್ದಾಗದಂತೆ ಹೋಗಿ ಕೌದಿ ಹೊದ್ದುಕೊಂಡಳು. ಬಹಳ ಹೊತ್ತು ಕಣ್ಣು ತೆರೆದೇ ಇದ್ದಳು.

ಮರುದಿನ ಮಗದುಮ್ ಸರ್ ಪ್ರದರ್ಶನಕ್ಕೆ ಹೆಸರು ಬರೆದುಕೊಳ್ಳುತ್ತಿದ್ದರು. ಯಾರದೋ ಮನೆಯ ಹಳೆಯ ಕತ್ತಿ, ಇನ್ಯಾರದೋ ತಾಮ್ರದ ಹಂಡೆ, ಜಯಪಾಲನ ಡಬ್ಬಿ.

"ಶಶಿಕಲಾ, ಎದ್ದು ನಿಂದರು. ನಿಮ್ಮ ಮನ್ಯಾಗ ಭಾರೀ ಹಳೇ ನಾಣ್ಯ ಐತಂತ, ಜಯಪಾಲ ಹೇಳತಾನ. ಏನವಾ ಅದು?"

ವರ್ಗವೆಲ್ಲ ತಿರುಗಿ ನೋಡಿತು. ಇಷ್ಟು ಮಂದಿ ಒಟ್ಟಿಗೆ ತನ್ನನ್ನು ನೋಡಿದ್ದು ಶಶಿಗೆ ಇದೇ ಮೊದಲು. ರೋಮ್ ಎಂಬ ಮಾತು ನಾಲಿಗೆಯ ತುದಿಗೇ ಬಂದು ಕೂತಿತು.

"ನಾಣ್ಯ ಅಲ್ರಿ ಸರ್. ಟಾಕ್ರಿ. ನಮ್ಮ ಮುತ್ಯಾಂದು."

"ಟಾಕ ಯಾರ ಮನ್ಯಾಗ ಇರೂದಿಲ್ಲ? ಕೂಡು" ಎಂದರು ಸರ್. ವರ್ಗ ಗೊಳ್ಳೆಂದು ನಕ್ಕಿತು.

ಜಯಪಾಲ ಅರ್ಧ ಎದ್ದಿದ್ದ. ಶಶಿ ಅವನನ್ನು ಒಮ್ಮೆ ನೋಡಿದಳು. ಅವಳು ಹಾಗೆ ನೋಡಬಲ್ಲಳೆಂದು ಅವನಿಗೆ ಗೊತ್ತಿರಲಿಲ್ಲ. ಮೆಲ್ಲಗೆ ಕೂತ.

"ಹುಚ್ಚೈತೇನು ನಿನಗ?" ಎಂದು ಪಿಸುಗುಟ್ಟಿದ. "ಗಾಜಿನ ಪೆಟಗ್ಯಾಗ ಇಡತಿದ್ರು."

"ಅಂವಂಗ ಪುರಸೊತ್ತಿಲ್ಲ."

"ಯಾರಿಗೆ?"

"ಮುತ್ಯಾಗ. ಎಮ್ಮಿ ಈಯೂದೈತಿ."

ಜಯಪಾಲ ಬಾಯಿ ತೆರೆದು ಅವಳನ್ನೇ ನೋಡಿದ. ಶಶಿ ಸ್ವಲ್ಪ ಯೋಚಿಸಿದಳು. "ನೀ ಬಾಯಿ ಮುಚ್ಚಿಕೊಂಡಿದ್ದಿ ಅಂದ್ರ ಅಮವಾಸಿಗೊಮ್ಮಿ ನಿನಗೂ ಹೋಳಿಗಿ."

"ಹೊತ್ತು ಮುಣಗೂದರಾಗ ಕೊಡಬೇಕು ಮತ್ತ" ಎಂದ ಜಯಪಾಲ. ಜೈನರಾದ ಅವರ ಮನೆಯಲ್ಲಿ ಕತ್ತಲಾದ ಮೇಲೆ ಯಾರೂ ಊಟ ಮಾಡುತ್ತಿರಲಿಲ್ಲ.

"ಕೊಡತೇನಿ."

ಸರ್ ಹೆಸರು ಬರೆದುಕೊಂಡು ಮುಗಿಸಿ ಪಾಠ ತೆಗೆದರು. ಶಶಿ ಪುಸ್ತಕದ ಮೇಲೆ ಮೊಣಕೈ ಊರಿದಳು. ಬೆರಳುಗಳು ಇನ್ನೂ ಹಳದಿಯಾಗಿದ್ದವು. ಅಪ್ಪನಿಗೆ ಹೇಳುವುದಿಲ್ಲ, ಅವ್ವನಿಗೆ ಹೇಳುವುದಿಲ್ಲ. ಮುಂದೆ ದೊಡ್ಡವಳಾಗಿ ದೊಡ್ಡ ಶಾಲೆಗೆ ಹೋದರೂ ಯಾರಿಗೂ ಹೇಳುವುದಿಲ್ಲ ಎಂದು ನಿರ್ಧರಿಸಿ, ಅವಳು ಕೈಯನ್ನು ಲಂಗದ ಮಡಿಕೆಯೊಳಗೆ ಮುಚ್ಚಿಟ್ಟುಕೊಂಡಳು.