ನಲವತ್ತೊಂದು ಬಂದೂಕುಗಳ ಪುಸ್ತಕ

ಮಂಗಳವಾರ, ಹನ್ನೆರಡನೇ ತಾರೀಕು, ಬೆಳಿಗ್ಗೆ 9.40ಕ್ಕೆ ಇಬ್ಬರು ಠಾಣೆಯ ಮೆಟ್ಟಿಲು ಹತ್ತಿದರು. ಒಬ್ಬರು ಬಂದೂಕು ಪರವಾನಗಿ ಕಚೇರಿಯ ಅಧೀಕ್ಷಕರು, ದೂರು ಅವರದು. ಇನ್ನೊಬ್ಬರು ಶಾಸಕರ ಆಪ್ತ ಕಾರ್ಯದರ್ಶಿ, ಮಾತೆಲ್ಲ ಅವರದು.

ದೂರು ಇಷ್ಟು: ಕಚೇರಿಯ ಕಬ್ಬಿಣದ ಕಪಾಟಿನಲ್ಲಿದ್ದ ಒಂದು ನೋಂದಣಿ ಪುಸ್ತಕ ಕಳುವಾಗಿದೆ. ಅದರದೆನ್ನಲಾದ ಹಾಳೆಯ ಜೆರಾಕ್ಸ್ ಪ್ರತಿಗಳು ಬಸ್ ನಿಲ್ದಾಣ, ಅಂಚೆ ಕಚೇರಿ, ನ್ಯಾಯಾಲಯದ ಕಾಂಪೌಂಡು ಸೇರಿ ಏಳು ಗೋಡೆಗಳ ಮೇಲೆ ಬೆಳಿಗ್ಗೆ ಕಾಣಿಸಿಕೊಂಡಿವೆ. ಒಟ್ಟು ನಲವತ್ತೊಂದು ಬಂದೂಕು, ಸಂಖ್ಯೆ, ಗುಂಡಿನ ಅಳತೆ ಮತ್ತು ಮಾಲೀಕರ ಹೆಸರಿನೊಂದಿಗೆ. ಹದಿನೇಳನೇ ಸಾಲಿನಲ್ಲಿ ಶಾಸಕರ ಹೆಸರು.

ಗುರುವಾರ ಶಾಸನಸಭೆಯಲ್ಲಿ ಹೊಸ ಬಂದೂಕು ಮಸೂದೆಗೆ ಮತದಾನವಿತ್ತು. ಪ್ರತಿ ಬಂದೂಕೂ ಪುಸ್ತಕದಲ್ಲಿರಬೇಕು, ಪ್ರತಿ ಪುಸ್ತಕವೂ ಜನರ ಕಣ್ಣಿಗೆ ಬೀಳಬೇಕು ಎಂದು ಮೂರು ತಿಂಗಳಿಂದ ಊರೂರು ತಿರುಗಿ ಗಂಟಲು ಹರಿದುಕೊಂಡವರು ಇದೇ ಶಾಸಕರು. ಆದರೆ ಮಸೂದೆಯ ಒಂಬತ್ತನೇ ಕಲಂ, ‘ಗಣ್ಯರೆಂದು ಕಂಡವರ’ ಬಂದೂಕುಗಳನ್ನು ಬೇರೊಂದು ಗುಪ್ತ ಪುಸ್ತಕದಲ್ಲಿಡಬಹುದು ಎನ್ನುತ್ತಿತ್ತು. ಅಂಥ ಪುಸ್ತಕ ಆಗಲೇ ಇತ್ತೆಂಬುದು ಆ ಬೆಳಗಿನವರೆಗೆ ಊರಿಗೆ ಗೊತ್ತಿರಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

"ಗೋಡೆ ಮೇಲಿರೋದು ಸುಳ್ಳು ಪಟ್ಟಿ. ಅದನ್ನೂ ಬರ್ಕೊಳ್ಳಿ," ಎಂದರು ಕಾರ್ಯದರ್ಶಿ.

"ಸುಳ್ಳಾದ್ರೆ ಕಳುವಾಗಿದ್ದೇನು?" ಎಂದು ಇನ್‌ಸ್ಪೆಕ್ಟರ್ ಕೇಳಿದರು.

ಅಧೀಕ್ಷಕರು ನೆಲ ನೋಡಿದರು. ಕಾರ್ಯದರ್ಶಿ ದನಿ ತಗ್ಗಿಸಿದರು. "ಕದ್ದೋರು ಬಂದೂಕು ಮಾಲೀಕರ ಸಂಘದವರು. ಅಧ್ಯಕ್ಷನ್ನ ನಾಳೆಯೊಳಗೆ ಒಳಗೆ ಹಾಕಿ. ಪತ್ರಿಕೆಯವರಿಗೆ ನಾವು ಹೇಳ್ಕೋತೀವಿ."

10.15ಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿ: ಅಪರಿಚಿತರು. ಬರೆದವನು ಮುಖ್ಯ ಪೇದೆ. ಚಹಾ ಕುಡಿದರೂ ಹೊತ್ತು ಗುರುತು ಹಾಕಿಕೊಳ್ಳುವ ಆತನಿಗೆ ಠಾಣೆಯಲ್ಲಿ ‘ಗಡಿಯಾರ’ ಎಂದೇ ಹೆಸರು.

11.30ಕ್ಕೆ ಸಂಘದ ಅಧ್ಯಕ್ಷನ ವಿಚಾರಣೆ ನಡೆಯಿತು. ನೋಂದಣಿಯೆಂದರೆ ಸರ್ಕಾರ ಮನೆಯೊಳಗೆ ಕೈ ಹಾಕಿದಂತೆ ಎಂದು ನಂಬಿದ್ದ ದಪ್ಪ ಮೀಸೆಯ ಆಳು.

"ಸೋಮವಾರ ಎಲ್ಲಿದ್ರಿ?"

"ಮಗಳ ಮನೇಲಿ. ಬೀಗರನ್ನ ಕೇಳಿ. ನನ್ನ ಹೊಗಳೋ ಜನ ಅಲ್ಲ, ನಿಜಾನೇ ಹೇಳ್ತಾರೆ."

"ಪುಸ್ತಕ ನೀವು ತಗೊಂಡ್ರಾ?"

"ಸಿಕ್ಕಿದ್ರೆ ಗೋಡೆಗೆ ಯಾಕೆ ಅಂಟಿಸ್ತಿದ್ದೆ ಸಾರ್? ವೇದಿಕೆ ಹತ್ತಿ ಓದ್ತಿದ್ದೆ. ಅಂಟಿಸಿದೋರು ಯಾರೋ ಗೊತ್ತಿಲ್ಲ, ಸಿಕ್ಕರೆ ಕೈ ಮುಗೀತೀನಿ."

ಬೀಗರ ಮನೆಗೆ ಹೋಗಿ ಬಂದ ಗಡಿಯಾರ, ಆತ ಹೇಳಿದ್ದು ನಿಜ ಎಂದ. ಇನ್‌ಸ್ಪೆಕ್ಟರ್ ಅಧ್ಯಕ್ಷನನ್ನು ಮನೆಗೆ ಕಳಿಸಿದರು. ಸಂಜೆಯೊಳಗೆ ಮೇಲಿನಿಂದ ಎರಡು ಫೋನ್ ಬಂದವು.

ಬುಧವಾರ ಬೆಳಿಗ್ಗೆ 9.00ಕ್ಕೆ ಏಳೂ ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಲಾಯಿತು. ಅಂಟಿನ ಕಲೆ ಬಿಟ್ಟರೆ ಒಂದಕ್ಕೊಂದು ವ್ಯತ್ಯಾಸವಿರಲಿಲ್ಲ. ಮಹಿಳಾ ಪೇದೆ ಒಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಸಾರ್, ಪ್ರತಿ ಸಾಲಿನ ಬಲಕ್ಕೆ ಹಸಿರು ಪೆನ್ಸಿಲ್ ಚುಕ್ಕಿ ಇದೆ. ಇದು ಜೆರಾಕ್ಸ್‌ನಲ್ಲಿ ಬಂದಿದ್ದಲ್ಲ. ಆಮೇಲೆ ಕೈಯಲ್ಲಿ ಇಟ್ಟಿದ್ದು."

ಏಳೂ ಹಾಳೆಗಳಲ್ಲಿ, ನಲವತ್ತೊಂದೂ ಸಾಲಿಗೆ, ಚುಕ್ಕಿಗಳಿದ್ದವು. ಇನ್‌ಸ್ಪೆಕ್ಟರ್ ಮೂವತ್ತು ವರ್ಷ ಸರ್ಕಾರಿ ಕಾಗದದಲ್ಲೇ ಮುಳುಗಿದವರು. ಆ ಚುಕ್ಕಿ ಅವರಿಗೆ ಗೊತ್ತಿತ್ತು. ಮೂಲ ಪ್ರತಿಯನ್ನೂ ನಕಲನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ತಾಳೆ ನೋಡಿದವರು ಹಾಕುವ ಗುರುತು ಅದು. ಯಂತ್ರ ತೆಗೆದ ನಕಲಿಗೆ ಅದರ ಅಗತ್ಯವೇ ಇಲ್ಲ.

10.20ಕ್ಕೆ ಪರವಾನಗಿ ಕಚೇರಿ. ಎತ್ತರದ ಕಪಾಟುಗಳು, ಧೂಳು, ಕೆಂಪು ಬಟ್ಟೆಯ ಗಂಟುಗಳು.

"ಜೆರಾಕ್ಸನ್ನೂ ತಾಳೆ ನೋಡೋರು ನಿಮ್ಮಲ್ಲಿ ಯಾರಿದ್ದಾರೆ?"

ಅಧೀಕ್ಷಕರಿಗೆ ನಗು ಬಂತು. "ನಮ್ಮ ತಾಳೆಯಮ್ಮ ಒಬ್ಬರೇ ಸಾರ್. ನಕಲು ವಿಭಾಗದ ಗುಮಾಸ್ತೆ. ಯಂತ್ರಾನೂ ನಂಬಲ್ಲ, ದೇವರನ್ನೂ..." ಅಲ್ಲಿಗೆ ಅವರ ನಗು ನಿಂತಿತು.

ಮೂಲೆಯ ಮೇಜಿನಲ್ಲಿ ನಲವತ್ತು ದಾಟಿದ ಹೆಂಗಸು ಕೂತಿದ್ದರು. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು. ಇನ್‌ಸ್ಪೆಕ್ಟರ್ ಹಾಳೆಯನ್ನು ಅವರ ಮುಂದಿಟ್ಟರು. ಅವರು ಅದನ್ನಲ್ಲ, ತಮ್ಮ ಕೈಯನ್ನು ನೋಡಿಕೊಂಡರು.

"ಥೂ," ಎಂದರು. "ನನಗೆ ಗೊತ್ತೇ ಆಗ್ಲಿಲ್ಲ. ಕೈ ತಾನೇ ಹಾಕಿಬಿಟ್ಟಿದೆ."

"ಪುಸ್ತಕ ಎಲ್ಲಿದೆ ಅಮ್ಮಾ?"

"ನಾಳೆ ವಕೀಲರ ಜೊತೆ ಹೋಗಿ ನಾನೇ ಕೋರ್ಟಿಗೆ ಒಪ್ಪಿಸೋಳಿದ್ದೆ. ನೀವು ಒಂದು ದಿನ ಮುಂಚೆ ಬಂದ್ರಿ."

"ಎಲ್ಲಿದೆ ಅಂತ ಕೇಳಿದೆ."

"ಪಂಚರನ್ನ ಕರೆಸಿ, ತೋರಿಸ್ತೀನಿ. ಪಂಚನಾಮೆಯಲ್ಲಿ ‘ಒಂದು ಪುಸ್ತಕ’ ಅಂತ ಬರೆದು ಕೈ ತೊಳ್ಕೊಳ್ಳೋ ಹಾಗಿಲ್ಲ. ನಲವತ್ತೊಂದು ಸಾಲೂ ಬರೀಬೇಕು. ಇಲ್ಲಾಂದ್ರೆ ನನ್ನ ಚರ್ಮ ಸುಲಿದ್ರೂ ಹೇಳಲ್ಲ."

"ಷರತ್ತು ಹಾಕೋದು ನೀವಲ್ಲ."

"ಹಾಗಾದ್ರೆ ಹುಡುಕ್ಕೊಳ್ಳಿ. ನೀರಿಗೆ ಇಳಿದಾಯ್ತು, ಇನ್ನು ಚಳಿಯೇನು ಮಳೆಯೇನು."

ಆಕೆಯ ಲೆಕ್ಕಾಚಾರ ಇನ್‌ಸ್ಪೆಕ್ಟರಿಗೆ ಅರ್ಥವಾಯಿತು. ಗೋಡೆಯ ಹಾಳೆಯನ್ನು ಸುಳ್ಳೆನ್ನಬಹುದು. ಸಿಕ್ಕ ಪುಸ್ತಕವನ್ನು ಮತ್ತೆ ಕಪಾಟು ಸೇರಿಸಬಹುದು, ಸುಟ್ಟೂ ಬಿಡಬಹುದು. ಪಂಚರ ಸಹಿ ಬಿದ್ದ ಪಂಚನಾಮೆ ನ್ಯಾಯಾಲಯ ಸೇರಿದರೆ ಮಾತ್ರ ಯಾರಿಂದಲೂ ಅಳಿಸಲಾಗದು. ಅವರಿಗೆ ಆಕೆಯ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಗೌರವ ಬಂತು.

"ಇಷ್ಟೆಲ್ಲ ಯಾಕೆ?"

"ಹದಿನೇಳನೇ ಸಾಲು ನೋಡಿ. ಬಂದೂಕಿನ ಅಳತೆ ಓದಿ. ನಿಮಗೆ ನೆನಪಿರಬೇಕು."

ನೆನಪಿತ್ತು. ನಾಲ್ಕು ವರ್ಷದ ಹಿಂದೆ ಇದೇ ಶಾಸಕರ ಚುನಾವಣಾ ಗೆಲುವಿನ ಮೆರವಣಿಗೆಯಲ್ಲಿ ಯಾರೋ ಗಾಳಿಯಲ್ಲಿ ಗುಂಡು ಹಾರಿಸಿದ್ದರು. ಮಹಡಿಯ ಮೇಲೆ ನಿಂತು ನೋಡುತ್ತಿದ್ದ ಒಬ್ಬ ಎಲೆಕ್ಟ್ರಿಷಿಯನ್ ಸತ್ತಿದ್ದ. ದೇಹದಲ್ಲಿ ಸಿಕ್ಕ ಗುಂಡು ಅಪರೂಪದ ಅಳತೆಯದು. ಆಗ ಸಬ್ ಇನ್‌ಸ್ಪೆಕ್ಟರ್ ಆಗಿದ್ದ ಇವರೇ ಪರವಾನಗಿ ಕಚೇರಿಗೆ ಪತ್ರ ಬರೆದಿದ್ದರು. ‘ಅಂಥ ಬಂದೂಕು ನಮ್ಮ ನೋಂದಣಿಯಲ್ಲಿಲ್ಲ’ ಎಂದು ಒಂದು ಸಾಲಿನ ಉತ್ತರ ಬಂತು. ಪ್ರಕರಣ ಮುಚ್ಚಿತು. ಮುಚ್ಚಿದ ಸಹಿಯೂ ಇವರದೇ.

"ಅವನು ನನ್ನ ತಮ್ಮ," ಎಂದರು ತಾಳೆಯಮ್ಮ.

ಗಡಿಯಾರ ಬರೆಯುವುದನ್ನು ನಿಲ್ಲಿಸಿದ. ಇನ್‌ಸ್ಪೆಕ್ಟರ್ ಅವನತ್ತ ತಿರುಗಿ, "ಪಂಚರನ್ನ ಕರ್ಕೊಂಡು ಬಾ," ಎಂದರು.

ಎದುರಿನ ರಸ್ತೆಯಿಂದ ಒಬ್ಬ ಟೈಪಿಸ್ಟ್, ಒಬ್ಬ ಕೊಡೆ ರಿಪೇರಿಯವನು ಬಂದರು. ತಾಳೆಯಮ್ಮ ತಮ್ಮ ಮೇಜಿನ ಪಕ್ಕದಲ್ಲೇ ಇದ್ದ ‘ತಾಳೆಗೆ ಬಾಕಿ’ ಚೀಟಿಯ ಗಂಟನ್ನು ಬಿಚ್ಚಿದರು. ಕಚೇರಿಯಲ್ಲಿ ಯಾರೂ ಮುಟ್ಟದ ಗಂಟು ಅದೊಂದೇ. ಮುಟ್ಟಿದರೆ ಕೆಲಸ ತಲೆಗೆ ಬೀಳುತ್ತಿತ್ತು. ಪುಸ್ತಕ ಅದರ ನಡುವೆ ಇತ್ತು.

11.35ಕ್ಕೆ ಪಂಚನಾಮೆ ಶುರುವಾಯಿತು. 11.50ಕ್ಕೆ ಮೇಲಧಿಕಾರಿಯ ಫೋನ್ ಬಂತು.

"ಪುಸ್ತಕ ಸಿಕ್ಕಿತಂತೆ. ಮೊಹರು ಹಾಕಿ ನನ್ನ ಹತ್ರ ಕಳಿಸು. ಒಳಗೇನಿದೆ ಅಂತ ಬರೀಬೇಡ."

"ಬರೆದಾಯ್ತು ಸಾರ್. ಪಂಚರ ಮುಂದೆ ಹದಿನೇಳನೇ ಸಾಲು ದಾಟಿದ್ದೀವಿ. ಈಗ ನಿಲ್ಲಿಸಿದ್ರೆ ಯಾಕೆ ನಿಲ್ಲಿಸಿದ್ರಿ ಅಂತ ಅದನ್ನೂ ಬರೀಬೇಕಾಗುತ್ತೆ. ನಿಮ್ಮ ಹೆಸರು ಹಾಕ್ಲಾ?"

ಆ ಕಡೆ ಫೋನ್ ಇಟ್ಟ ಸದ್ದಾಯಿತು. ಗಡಿಯಾರ ಮೆಲ್ಲಗೆ ಹೇಳಿದ: "ಸಾರ್, ನಾವಿನ್ನೂ ನಾಲ್ಕನೇ ಸಾಲಲ್ಲಿದ್ದೀವಿ."

"ಹದಿನೇಳನ್ನ ಈಗಲೇ ಬರಿ. ಉಳಿದಿದ್ದು ಆಮೇಲೆ."

ಮಧ್ಯಾಹ್ನ 1.25ಕ್ಕೆ ಪಂಚನಾಮೆ ಮುಗಿಯಿತು. ಪಂಚರು ಪ್ರತಿ ಹಾಳೆಗೂ ಸಹಿ ಹಾಕಿದರು. 1.40ಕ್ಕೆ ಬಂಧನ. ಮಹಿಳಾ ಪೇದೆ ತಾಳೆಯಮ್ಮನ ಚೀಲ ಹಿಡಿದುಕೊಂಡು, "ಮೆಟ್ಟಿಲು ಎತ್ತರ ಇದೆ ಅಕ್ಕಾ, ನಿಧಾನ," ಎಂದಳು. ಅಧೀಕ್ಷಕರು ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುತ್ತ ಕಪಾಟಿನ ಮರೆಗೆ ಸರಿದರು.

ಗುರುವಾರ ಬೆಳಿಗ್ಗೆ 9.30ಕ್ಕೆ, ನ್ಯಾಯಾಲಯಕ್ಕೆ ಕರೆದೊಯ್ಯುವ ಮುನ್ನ, ಇನ್‌ಸ್ಪೆಕ್ಟರ್ ತಾಳೆಯಮ್ಮನ ಮುಂದೆ ಕುರ್ಚಿ ಎಳೆದು ಕೂತರು. ಮತದಾನ ಮುಂದೂಡಿದ ಸುದ್ದಿ ಆಗಷ್ಟೇ ರೇಡಿಯೊದಲ್ಲಿ ಬಂದಿತ್ತು. ಒಂಬತ್ತನೇ ಕಲಂ ತಮಗೂ ಮೊದಲಿನಿಂದಲೇ ಇಷ್ಟವಿರಲಿಲ್ಲ ಎಂದು ಶಾಸಕರು ಹೇಳಿಕೆ ಕೊಟ್ಟಿದ್ದರು.

"ಪುಸ್ತಕ ನೋಡಿದ್ದು ಯಾವಾಗ?"

"ಹೋದ ತಿಂಗಳು. ಹೊಸ ಕಾನೂನು ಬರುತ್ತೆ, ಹೊಸ ಪ್ರತಿ ಮಾಡಿ ಅಂತ ತಾಳೆಗೆ ಕೊಟ್ರು. ಅಂಥದ್ದೊಂದು ಇದೆ ಅಂತ ನನಗೂ ಗೊತ್ತಿರಲಿಲ್ಲ."

"ಕೆಲಸ ಹೋಗುತ್ತೆ. ಶಿಕ್ಷೆಯೂ ಆಗಬಹುದು."

"ಆಗ್ಲಿ. ನಾಲ್ಕು ವರ್ಷದ ಹಿಂದೆ ನಿಮಗೊಂದು ಉತ್ತರ ಬಂತಲ್ಲ, ಬಂದೂಕು ಇಲ್ಲ ಅಂತ. ಅದನ್ನ ತಾಳೆ ನೋಡಿ ಚುಕ್ಕಿ ಇಟ್ಟೋಳು ನಾನೇ. ಇದ್ದಬದ್ದ ಪುಸ್ತಕಗಳನ್ನೆಲ್ಲ ಎರಡು ಸಲ ನೋಡಿದ್ದೆ. ನನ್ನ ತಮ್ಮನ ಸಾವಿನ ಮೇಲಿನ ಸುಳ್ಳಿಗೆ ನನ್ನ ಕೈಯಿಂದಲೇ ಸರಿ ಅನ್ನಿಸಿಬಿಟ್ರು. ಅದನ್ನ ಹ್ಯಾಗೆ ಸಹಿಸ್ಕೊಳ್ಳಲಿ?"

ಇನ್‌ಸ್ಪೆಕ್ಟರ್ ಜೇಬಿನಿಂದ ಮಡಿಸಿದ ಎರಡು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಹಳೆಯ ಪ್ರಕರಣವನ್ನು ಮತ್ತೆ ತೆರೆಯಲು, ಹದಿನೇಳನೇ ಸಾಲಿನ ಬಂದೂಕನ್ನು ಪರೀಕ್ಷೆಗೆ ತರಿಸಲು, ನ್ಯಾಯಾಲಯಕ್ಕೆ ಬರೆದ ಅರ್ಜಿ. ಪಕ್ಕದಲ್ಲಿ ಹಳೆಯ ಕಡತ ಇತ್ತು.

ತಾಳೆಯಮ್ಮ ಕನ್ನಡಕ ಸರಿಪಡಿಸಿಕೊಂಡು ಕೈ ಚಾಚಿದರು. ಗಡಿಯಾರ ತನ್ನ ಪೆನ್ಸಿಲ್ ಕೊಟ್ಟ. ಇನ್‌ಸ್ಪೆಕ್ಟರ್ ಕಡತದಿಂದ ಓದುತ್ತ ಹೋದರು, ಆಕೆ ಅರ್ಜಿಯ ಸಾಲು ಸಾಲಿಗೂ ಚುಕ್ಕಿ ಇಡುತ್ತ ಬಂದರು. ಮೃತನ ವಯಸ್ಸಿನ ಹತ್ತಿರ ಪೆನ್ಸಿಲ್ ನಿಂತಿತು.

"ಇಪ್ಪತ್ತಾರು ಅಂತ ಇದೆ. ಇಪ್ಪತ್ತೇಳು. ಸಾಯೋಕೆ ಒಂದು ವಾರ ಮುಂಚೆ ತಾನೇ ತುಂಬಿತ್ತು."

"ಕಡತದಲ್ಲೂ ಇಪ್ಪತ್ತಾರೇ ಇದೆ."

"ಕಡತ ತಪ್ಪು. ತಿದ್ದಿ."

ಇನ್‌ಸ್ಪೆಕ್ಟರ್ ಎರಡು ಕಡೆಯೂ ತಿದ್ದಿ, ತಿದ್ದಿದ ಜಾಗದ ಪಕ್ಕ ಸಹಿ ಹಾಕಿದರು. ಆಕೆ ಅಲ್ಲೊಂದು ಚುಕ್ಕಿ ಇಟ್ಟು ಪೆನ್ಸಿಲ್ ವಾಪಸು ಕೊಟ್ಟರು. 9.55ಕ್ಕೆ ಜೀಪು ನ್ಯಾಯಾಲಯಕ್ಕೆ ಹೊರಟಿತು.