ಹಿನೆಕ್ ಬಿಚ್ಚಬೇಡ ಎಂದ ಎಂಜಿನ್

"ನೀವಾ...?"

ಮಿಲುಶೆಯ ಬಾಯಿಂದ ಅದಕ್ಕಿಂತ ಹೆಚ್ಚು ಮಾತು ಹೊರಡಲಿಲ್ಲ. ಗೇಟಿನಾಚೆ ನಿಂತಿದ್ದವನು ಹಿನೆಕ್! ಹದಿನೆಂಟು ವರ್ಷಗಳಿಂದ ಯಾರ ಹೆಸರನ್ನು ಆ ಮನೆಯಲ್ಲಿ ಎತ್ತುವಂತೆಯೇ ಇರಲಿಲ್ಲವೋ, ಅದೇ ಹಿನೆಕ್. ತಲೆ ಅರ್ಧ ನರೆತಿತ್ತು. ಕೈಯಲ್ಲಿ ಹಳೆಯ ಪತ್ರಿಕೆ ಸುತ್ತಿದ ಪೊಟ್ಟಣವಿತ್ತು.

"ಪಬ್ಬಿನ ಬೋರ್ಡಲ್ಲಿ ಚೀಟಿ ನೋಡಿದೆ. ಹಳೇ ಮೋಟೋಕ್ರಾಸ್ ಬೈಕಿಗೆ ಪಿಸ್ಟನ್ ಬೇಕು ಅಂತ ಬರೆದಿದ್ದೆಯಲ್ಲ... ತಂದಿದ್ದೀನಿ."

"ಬರೆದಿದ್ದಿರಲ್ಲ ಅನ್ನಿ. ನಾವೇನು ಗುರುತಿನವರಲ್ಲ."

ಅವನು ತಲೆ ತಗ್ಗಿಸಿದ. "ಸರಿ. ಬರೆದಿದ್ದಿರಲ್ಲ."

ಅಯ್ಯೋ, ಅದೇ ದನಿ! ಇಷ್ಟು ವರ್ಷವಾದ ಮೇಲೂ ಎದೆ ಯಾಕೆ ಹೀಗೆ ಹೊಡೆದುಕೊಳ್ಳಬೇಕು? ಮಿಲುಶೆಗೆ ತನ್ನ ಮೇಲೆಯೇ ಸಿಟ್ಟು ಬಂತು.

ಅವಳಿಗೀಗ ನಲವತ್ತೊಂದು. ದಕ್ಷಿಣ ಬೊಹೆಮಿಯಾದ ಆ ಪುಟ್ಟ ಊರಿನ ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಬೆಳಗ್ಗೆ ಐದೂವರೆಗೆ ಹೋಗಿ, ಮುನ್ನೂರು ಮಕ್ಕಳಿಗೆ ಹಿಟ್ಟಿನ ಕಡುಬು ಬೇಯಿಸಿ, ಹಂಡೆಗಳನ್ನು ತಿಕ್ಕಿ ಮನೆ ಸೇರುವಷ್ಟರಲ್ಲಿ ಕಾಲು ತನ್ನದಲ್ಲ ಅನ್ನಿಸುತ್ತಿತ್ತು. ಬೇರೊಬ್ಬನ ಜೊತೆ ಮದುವೆಯೊಂದು ಆಗಿತ್ತು, ನಾಲ್ಕು ವರ್ಷಕ್ಕೆ ಮುಗಿದೂ ಹೋಗಿತ್ತು. ಈಗ ಮನೆಯಲ್ಲಿರುವುದು ಅವಳು, ಅವಳಣ್ಣ ಲುಬೋಶ್ ಇಬ್ಬರೇ.

ಇಷ್ಟು ದಣಿದವಳಿಗೆ ಬೈಕು ರಿಪೇರಿಯ ಹುಚ್ಚು ಯಾಕೆ? ಮುಂದಿನ ತಿಂಗಳು ಲುಬೋಶ್‌ಗೆ ಐವತ್ತು ತುಂಬುತ್ತದೆ. ಆ ಕಡೆ ಐವತ್ತು ಅಂದರೆ ಸಣ್ಣ ಮಾತಲ್ಲ, ಅರ್ಧ ಊರೇ ಅಂಗಳಕ್ಕೆ ಬರುತ್ತದೆ. ಆ ದಿನ ಅವನ ಬೈಕಿನ ಸದ್ದನ್ನು ಅವನಿಗೆ ಇನ್ನೊಮ್ಮೆ ಕೇಳಿಸಬೇಕು ಅನ್ನುವುದು ಅವಳ ಹಟ. ಲುಬೋಶ್ ಮಾತ್ರ, "ಆ ಹೆಣವನ್ನ ಗುಜರಿಗೆ ಹಾಕು ಮಾರಾಯ್ತಿ" ಎಂದು ಗೊಣಗುತ್ತಲೇ ಇದ್ದ.

ಅವನು ಹಾಗನ್ನುವುದಕ್ಕೂ ಕಾರಣವಿತ್ತು. ಹದಿನೆಂಟು ವರ್ಷದ ಹಿಂದೆ ಜಿಲ್ಲಾ ರೇಸಿನ ದಿನ, ಇಳಿಜಾರಿನಲ್ಲಿ ಪೂರ್ತಿ ವೇಗದಲ್ಲಿದ್ದಾಗ ಅದರ ಎಂಜಿನ್ ಸೀಜ್ ಆಗಿ ತಟ್ಟನೆ ಬಿಗಿದುಹೋಗಿತ್ತು. ಹಿಂದಿನ ಚಕ್ರ ಕಚ್ಚಿಕೊಂಡಿತು. ಲುಬೋಶ್ ಹಾರಿ ಬಿದ್ದ, ಬೈಕು ಅವನ ಮಂಡಿಯ ಮೇಲೆ ಬಿತ್ತು. ಅಂದಿನಿಂದ ಅವನು ಕುಂಟುತ್ತಾನೆ, ಮರದ ಮಿಲ್ಲಿನ ಗೇಟು ಕಾಯುತ್ತಾನೆ.

ಬೈಕಿನ ಮೆಕ್ಯಾನಿಕ್ ಹಿನೆಕ್. ಟೂ-ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು, ಇಲ್ಲದಿದ್ದರೆ ಅದು ಸೀಜ್ ಆಗುತ್ತದೆ. "ಎಣ್ಣೆ ಬೆರೆಸೋದು ಮರೆತೆ... ತಪ್ಪು ನಂದೇ" ಎಂದು ಆಸ್ಪತ್ರೆಯ ವರಾಂಡದಲ್ಲಿ ಎಲ್ಲರೆದುರು ಅವನೇ ಒಪ್ಪಿಕೊಂಡಿದ್ದ.

ಮಿಲುಶೆ ಅವನ ಕೆನ್ನೆಗೆ ಬಾರಿಸಿದ್ದಳು. ಆ ಬೇಸಿಗೆಯಲ್ಲೇ ಅವರಿಬ್ಬರ ಮದುವೆ ನಿಶ್ಚಯವಾಗಿತ್ತು. ಅದು ಅಲ್ಲಿಗೇ ಮುರಿಯಿತು.

"ಸಿಲಿಂಡರ್ ಅಳತೆ ನೋಡ್ಬೇಕು," ಹಿನೆಕ್ ಮೆಲ್ಲಗೆ ಹೇಳಿದ. "ಒಂದು ನಿಮಿಷ. ನೋಡಿ ಹೋಗ್ಬಿಡ್ತೀನಿ."

ಬೇರೆ ದಾರಿಯಿರಲಿಲ್ಲ. ಆ ಅಳತೆಯ ಪಿಸ್ಟನ್ನಿಗಾಗಿ ಅವಳು ಮೂರು ತಿಂಗಳು ಅಲೆದಿದ್ದಳು. ಶೆಡ್ಡಿನ ಬಾಗಿಲು ತೆರೆದಳು.

ಚಾಸಿಸ್‌ಗೆ ಹೊಸ ಬಣ್ಣ ಹೊಡೆದಿತ್ತು. ಚಕ್ರದ ಕಡ್ಡಿಗಳು ಒಂದೊಂದಾಗಿ ಉಜ್ಜಿ ಹೊಳೆಯುತ್ತಿದ್ದವು. ಹಿನೆಕ್ ಅದನ್ನೆಲ್ಲ ನೋಡಿದ, ಬಿರುಕು ಬಿಟ್ಟ ಅವಳ ಬೆರಳುಗಳನ್ನೂ ನೋಡಿದ. ಸಿಲಿಂಡರ್ ಅಳೆದು, "ಒಳಗೋಡೆ ಕೊರೆಸಿ ಬೋರ್ ಮಾಡಿಸಿದ್ರೆ ಪಿಸ್ಟನ್ ಸರಿಯಾಗಿ ಕೂರುತ್ತೆ" ಎಂದ. ಆಮೇಲೆ ಅವನ ಕಣ್ಣು ಎಂಜಿನ್ನಿನ ಎಡಬದಿಗೆ, ಕಿಡಿಗೆ ಕರೆಂಟು ಕೊಡುವ ಮ್ಯಾಗ್ನೆಟ್ ಇದ್ದ ಕಡೆಗೆ ಹೋಯಿತು.

"ಮ್ಯಾಗ್ನೆಟ್ ಕಡೆ ಇನ್ನೂ ಬಿಚ್ಚಿಲ್ವಾ?"

"ಇಲ್ಲ."

"ಬಿಚ್ಚಬೇಡ... ಬೇಡಿ. ಅಲ್ಲೇನೂ ಆಗಿಲ್ಲ. ಬೇಕಾದ್ರೆ ಎಂಜಿನ್ ನಾನು ಒಯ್ದು ಪೂರ್ತಿ ಮಾಡ್ಕೊಡ್ತೀನಿ."

"ನಿಮ್ಮ ಕೈಗೆ ಇನ್ನೊಂದ್ಸಲ ಕೊಡೋದಾ? ಒಂದು ಮಂಡಿ ಸಾಕಾಗ್ಲಿಲ್ವಾ?"

ಹಿನೆಕ್‌ನ ಮುಖ ಬಿಳಿಚಿಕೊಂಡಿತು. ಪಿಸ್ಟನ್ ಮೇಜಿನ ಮೇಲಿಟ್ಟು ಹೊರಟುಹೋದ.

ಬಿಚ್ಚಬೇಡ ಎಂದರೆ ಬಿಚ್ಚದೆ ಬಿಡುವವಳೇ ಮಿಲುಶೆ? ಮೂರು ದಿನ ಅದೇ ಮಾತು ತಲೆ ತಿಂದಿತು. ಏನೋ ಮುಚ್ಚಿಡ್ತಿದ್ದಾನೆ... ಇನ್ನೂ ದೊಡ್ಡ ತಪ್ಪೇ ಇರಬೇಕು! ಬುಧವಾರ ಮಧ್ಯಾಹ್ನ ಕೆಲಸ ಮುಗಿಸಿ ಬಂದವಳು ಏಪ್ರನ್ ಕೂಡ ಕಳಚದೆ ಸ್ಪ್ಯಾನರ್ ಹಿಡಿದಳು.

ಮ್ಯಾಗ್ನೆಟ್ ಕಳಚಿ ಬಂತು. ಅದರ ಹಿಂದೆ ಶಾಫ್ಟನ್ನು ಅಪ್ಪಿ ಕೂತ ರಬ್ಬರಿನ ಆಯಿಲ್ ಸೀಲ್, ಎಂಜಿನ್ನಿನೊಳಕ್ಕೆ ಗಾಳಿ ನುಗ್ಗದಂತೆ ತಡೆಯುವ ಬಳೆ. ಅದರ ತುಟಿ ಬ್ಲೇಡಿನಿಂದ ಕೊಯ್ದಂತೆ ಹರಿದಿತ್ತು. ಸೀಲ್ ಕಿತ್ತಳು. ಒಳಗಿನ ಬೇರಿಂಗಿನ ಮೇಲೆ ಕಂದು ಬಣ್ಣದ ಎಣ್ಣೆ ಇನ್ನೂ ಅಂಟಂಟಾಗಿ ಕೂತಿತ್ತು!

ಮಿಲುಶೆ ಆ ಎಣ್ಣೆಯನ್ನು ಬೆರಳಿಂದ ಒರೆಸಿ ನೋಡಿದಳು.

ಪೆಟ್ರೋಲಿನಲ್ಲಿ ಎಣ್ಣೆ ಇತ್ತು. ಅವನು ಬೆರೆಸಿದ್ದ. ಎಂಜಿನ್ ಸೀಜ್ ಆದದ್ದು ಹರಿದ ಸೀಲಿನ ಸಂದಿಯಿಂದ ಬೇಡದ ಗಾಳಿ ಎಳೆದುಕೊಂಡು, ಅತಿಯಾಗಿ ಕಾದು.

ಆ ಸೀಲ್ ಹಾಕಿದ್ದು ಯಾರು?

ರೇಸಿನ ಹಿಂದಿನ ದಿನ ಹಿನೆಕ್ ಪೆಟ್ರೋಲ್ ತರಲು ಹೋಗಿದ್ದ. "ನಾನು ಬಂದ್ಮೇಲೆ ಸೀಲ್ ಹಾಕೋಣ" ಎಂದಿದ್ದ. ನನಗೂ ಬರುತ್ತೆ ಅಂತ ತೋರಿಸಬೇಕಿತ್ತಲ್ಲ ಅವಳಿಗೆ! ಶಾಫ್ಟಿನಲ್ಲಿ ಮ್ಯಾಗ್ನೆಟ್ ಹಿಡಿಯುವ ಸಣ್ಣ ಕೀಲು ಕೂರುವ ಕಡೆ ಅಂಚು ಚೂಪು. ಅದಕ್ಕೆ ತೆಳುವಾದ ಕಾಗದ ಸುತ್ತಿ, ಗ್ರೀಸ್ ಸವರಿ ಸೀಲ್ ಜಾರಿಸಬೇಕು. ಕಾಗದ ಸುತ್ತದೆ ಹಾಗೇ ಒತ್ತಿಬಿಟ್ಟಿದ್ದಳು. ಅವನು ಬಂದಾಗ ಮ್ಯಾಗ್ನೆಟ್ ಕೂಡ ಕೂರಿಸಿ ಮುಗಿಸಿ, ಜಂಬದಿಂದ ನಕ್ಕಿದ್ದಳು.

ನಾನು... ಲುಬೋಶ್‌ನ ಕಾಲು ಮುರಿದದ್ದು ನಾನು!

ಅವಳು ಮುಖಕ್ಕೆ ಏಪ್ರನ್ ಒತ್ತಿಕೊಂಡು ಅತ್ತಳು.

ಪಕ್ಕದೂರಿನಲ್ಲಿ ಹಿನೆಕ್‌ನ ಲೇತ್ ಶಾಪು. ಮಾರನೇ ದಿನ ಬಸ್ಸು ಹಿಡಿದು ಹೋದವಳು ಹರಿದ ಸೀಲನ್ನು ಅವನ ಮುಂದೆ ಎಸೆದಳು.

"ಯಾಕೋ ಸುಳ್ಳು ಹೇಳಿದೆ?"

ಹಿನೆಕ್ ಲೇತ್ ನಿಲ್ಲಿಸಿದ. "ಬಿಚ್ಚಬೇಡ ಅಂದಿದ್ದೆ."

"ಯಾಕೆ ಅಂತ ಕೇಳ್ದೆ!"

"ಲುಬೋಶ್ ಬಿದ್ದ ಮೇಲೆ ಬೈಕ್ ಬಿಚ್ಚಿ ನೋಡ್ದೆ, ಗೊತ್ತಾಯ್ತು. ನೀನು ಅವನ ಜೊತೆ ಒಂದೇ ಮನೇಲಿ ಬದುಕ್ಬೇಕಿತ್ತು ಮಿಲಾ. ದಿನಾ ಆ ಕಾಲು ನೋಡ್ತಾ..." ಅವನು ಕೈ ಒರೆಸಿಕೊಂಡ. "ನಂದೇನು? ಬಾಡಿಗೆ ಕೋಣೆ. ಈ ಊರಲ್ಲದಿದ್ರೆ ಇನ್ನೊಂದೂರು."

"ದೊಡ್ಡ ತ್ಯಾಗ ಮಾಡ್ದೆ ಅಂದ್ಕೊಂಡ್ಯಾ? ನನ್ನ ತಪ್ಪು ನನ್ನನ್ನ ಕೇಳದೆ ಎತ್ಕೊಂಡು ಹೋದೆ. ಜೊತೆಗೆ ನೀನೂ ಹೋದೆ! ಹದಿನೆಂಟು ವರ್ಷ ನಿನ್ನನ್ನ ದ್ವೇಷಿಸಿ ದ್ವೇಷಿಸಿ ಸುಸ್ತಾಗಿದೀನಿ ಕಣೋ... ಅದೆಲ್ಲ ನನಗೆ ತಾನೇ ಸೇರಬೇಕಿತ್ತು?"

ಹಿನೆಕ್ ಆ ಸೀಲನ್ನು ಕೈಗೆತ್ತಿಕೊಂಡ. "ಆ ಪಿಸ್ಟನ್ ಅದೇ ವರ್ಷ ತಂದದ್ದು. ಯಾವತ್ತಾದ್ರೂ ನೀನು ಬೈಕ್ ಎಬ್ಬಿಸ್ತೀಯ ಅನ್ಸಿತ್ತು" ಎಂದ.

ಮಿಲುಶೆಯ ಸಿಟ್ಟು ಅರ್ಧಕ್ಕೇ ನಿಂತುಹೋಯಿತು.

"ಲುಬೋಶ್‌ಗೆ ಹೇಳ್ತೀನಿ."

"ಬೇಡ ಮಿಲಾ! ಇರೋ ಒಬ್ಬ ಅಣ್ಣನೂ..."

"ಹೋದ್ರೆ ಹೋಗ್ಲಿ. ಈ ಸಲ ನಾನೇ ಹೇಳ್ತೀನಿ."

ಭಾನುವಾರದ ಊಟ. ಹಂದಿಮಾಂಸ, ಹುಳಿ ಎಲೆಕೋಸು, ಕಡುಬು. ಮಿಲುಶೆ ಒಂದೂ ಬಿಡದೆ ಹೇಳಿದಳು. ಲುಬೋಶ್ ಫೋರ್ಕ್ ಕೆಳಗಿಟ್ಟ. ಕುಂಟುತ್ತ ಅಂಗಳಕ್ಕೆ ಹೋದ. ಕಿಟಕಿಯಿಂದ ಅವನ ಬೆನ್ನು ಕಾಣುತ್ತಿತ್ತು, ಶೆಡ್ಡಿನ ಬಾಗಿಲಲ್ಲಿ ಅಲ್ಲಾಡದೆ ನಿಂತಿತ್ತು. ತಟ್ಟೆಯಲ್ಲಿನ ಕಡುಬು ತಣ್ಣಗಾಗಿ ಗಟ್ಟಿಯಾಯಿತು.

ಇನ್ನು ಈ ಮನೆಯಲ್ಲಿ ನನಗೆ ಜಾಗವಿಲ್ಲ, ಅಂದುಕೊಂಡಳು ಮಿಲುಶೆ.

ಅವನು ವಾಪಸ್ ಬಂದು ಕೂತ.

"ನಿನ್ನ ಮೇಲೆ ಸಿಟ್ಟಿದೆ. ಬಹಳ ದಿನ ಇರುತ್ತೆ, ಈಗ್ಲೇ ಹೇಳ್ಬಿಟ್ಟಿದ್ದೀನಿ."

"ಹೂಂ..."

"ಅವನ ಮೇಲೆ ಇನ್ನೂ ಜಾಸ್ತಿ ಇದೆ. ಕತ್ತೆ! ನನ್ನ ಮುಖಕ್ಕೆ ಸುಳ್ಳು ಹೇಳಿ ಗೆಳೆತನಾನೂ ಎತ್ಕೊಂಡು ಹೋದ." ಲುಬೋಶ್ ಕಣ್ಣೊರೆಸಿಕೊಂಡ. "ಸಿಲಿಂಡರ್ ಬೋರ್ ಮಾಡೋಕೆ ಈ ಜಿಲ್ಲೇಲಿ ಅವನ ಬಿಟ್ರೆ ಯಾರಿದ್ದಾರೆ? ಕರೀ ಅವನನ್ನ. ಮೊದ್ಲು ಇದನ್ನ ಬಿಸಿ ಮಾಡ್ಕೊಂಡು ಬಾ."

ಅವಳು ತಟ್ಟೆಗಳನ್ನೆತ್ತಿಕೊಂಡು ಅಡುಗೆಮನೆಗೆ ಹೋಗಿ, ಒಲೆಗೆ ಆತು ನಿಂತು ಬಿಕ್ಕಿದಳು.

ಹುಟ್ಟುಹಬ್ಬದ ಬೆಳಗ್ಗೆ, ನೆಂಟರು ಬರುವ ಮೊದಲೇ ಮೂವರೂ ಅಂಗಳದಲ್ಲಿದ್ದರು.

"ಎಣ್ಣೆ ಹಾಕಿದ್ಯೇನೋ?" ಲುಬೋಶ್ ಕೇಳಿದ.

ಹಿನೆಕ್ ಗಾಬರಿಯಿಂದ ನೋಡಿದ. ಲುಬೋಶ್ ಹೊಟ್ಟೆ ಹಿಡಿದು ನಗುತ್ತಿದ್ದ! ಹಿನೆಕ್ ಕಿಕ್ ಒದೆದ. ಒಮ್ಮೆ, ಎರಡು ಸಲ, ನಾಲ್ಕು ಸಲ... ಏಳನೆಯ ಸಲಕ್ಕೆ ಬೈಕು ಕೆಮ್ಮಿ, ನೀಲಿ ಹೊಗೆ ಉಗುಳಿ, ಕಿರುಚಿಕೊಂಡು ಎದ್ದಿತು. ಲುಬೋಶ್ ಕೆಟ್ಟ ಕಾಲನ್ನು ಕೈಯಿಂದೆತ್ತಿ ಹತ್ತಿದ. ನಿಧಾನವಾಗಿ ಗದ್ದೆಬದುವಿನ ದಾರಿ ಹಿಡಿದ.

ಹೊಗೆಯ ನಡುವೆ ಇಬ್ಬರೇ ಉಳಿದರು.

"ನನ್ನಲ್ಲಿ ಆ ಹಳೇ ಹುಡುಗಿ ಇಲ್ಲ ಹಿನೆಕ್. ಸಂಜೆ ಏಳಕ್ಕೆಲ್ಲ ನಿದ್ದೆ ಬರುತ್ತೆ. ಕಾಲು ನೋಯುತ್ತೆ. ಸುಮ್ಮಸುಮ್ಮನೆ ರೇಗ್ತೀನಿ."

"ನಾನು ಆರೂವರೆಗೇ ತೂಕಡಿಸ್ತೀನಿ."

ಅವಳಿಗೆ ನಗು ಬಂತು. ಹಾಗೇ ಕಣ್ಣು ತುಂಬಿತು.

"ಪ್ರೀತಿ ಹೋಗಿರ್ಲಿಲ್ಲ ಕಣೋ. ಅದಕ್ಕೇ ಅಷ್ಟು ಸಿಟ್ಟು ಬರ್ತಿತ್ತು."

ಹಿನೆಕ್ ಅವಳ ಬಿರುಕು ಬಿಟ್ಟ ಬೆರಳುಗಳನ್ನು ತನ್ನ ಕೈಗೆ ತೆಗೆದುಕೊಂಡ.

"ಇನ್ಮೇಲೆ ನನ್ನ ತಪ್ಪೆಲ್ಲ ನನಗೇ ಬಿಡಬೇಕು," ಎಂದಳು ಮಿಲುಶೆ. "ಮಾತು ಕೊಡು."

"ಬಿಡ್ತೀನಿ. ಆದ್ರೆ ನಿನ್ನನ್ನ ಬಿಡಲ್ಲ."

"ಬಿಡು ಅಂದೋರ್ಯಾರು?" ಎನ್ನುತ್ತ ಅವಳು ದಣಿದ ತಲೆಯನ್ನು ಅವನ ಹೆಗಲಿಗೆ ಒರಗಿಸಿದಳು.